ಪುಸ್ತಕಕ್ಕೊಂದು ಕೊಸರು

ಕೊಂಡ ಪದಾರ್ಥದ ಮೇಲೆ ಇಲ್ಲದ ಪ್ರೀತಿ ಕೊಸರಿನ ಮೇಲೆ ಇರುವುದು ಮನುಷ್ಯಸ್ವಭಾವ. ಸಂತೆಯಲ್ಲಿ ನಾಲ್ಕು ಸೇರು ಜೋಳ ಅಳೆಸಿಕೊಂಡ ಗೃಹಿಣಿ ಚೀಲದ ಬಾಯಿ ಕಟ್ಟದೆ ಹಾಗೆಯೇ ಹಿಡಿದು ನಿಂತಿರುತ್ತಾಳೆ. ವ್ಯಾಪಾರಿ ಮೇಲೊಂದು ಹಿಡಿ ಸುರಿದ ಮೇಲೆಯೇ ಚೀಲದ ಬಾಯಿಯೂ ಮುಚ್ಚುತ್ತದೆ, ಆಕೆಯ ಬಾಯಿಯೂ ಮುಚ್ಚುತ್ತದೆ. ಹೂವಾಡಗಿತ್ತಿ ಮೊಳ ಅಳೆದ ಮೇಲೆ ನಾಲ್ಕು ಬೆರಳು ಮುಂದೆ ಸರಿಸಿ ದಾರ ಕತ್ತರಿಸಬೇಕು. ತರಕಾರಿಯವನು ಬದನೆಕಾಯಿಯ ಮೇಲೊಂದು ಎಸಳು ಕರಿಬೇವು ಇಡಬೇಕು. ಹಾಲಿನವಳು ಪಾವು ಅಳೆದ ಮೇಲೆ ಪಾತ್ರೆಗೆ ಇನ್ನಷ್ಟು ಬಗ್ಗಿಸಬೇಕು. ಮುತ್ತುರತ್ನಗಳನ್ನು ಬೀದಿಯಲ್ಲಿ ಸೇರಿನಿಂದ ಅಳೆದು ಮಾರಿದರೆಂದು ಹಂಪೆಯ ವಿಷಯದಲ್ಲಿ ಪ್ರಸಿದ್ಧವಾದ ಮಾತೊಂದುಂಟು. ಅದು ನಿಜವೇ ಆಗಿದ್ದ ಪಕ್ಷದಲ್ಲಿ, ಕೊಂಡವರು ಮೇಲೆರಡು ಮುತ್ತು ಕೇಳದೆ ಮನೆಗೆ ಹೋದರೆಂದು ನಂಬುವುದು ಕಷ್ಟ.

ಈ ಕೊಸರಿಗೆ ಯಾರೂ ಬರೆದಿಡದ ಶಾಸ್ತ್ರವೊಂದಿದೆ. ಮೊದಲನೆಯದಾಗಿ, ಕೊಸರು ಕೊಂಡ ಪದಾರ್ಥದ ಜಾತಿಯದೇ ಆಗಿರಬೇಕು. ಇಲ್ಲವೆ ಅದರೊಡನೆ ಒಂದೇ ಒಲೆಯ ಮೇಲೆ ಬೇಯುವಂಥದಾಗಿರಬೇಕು. ಜೋಳಕ್ಕೆ ಜೋಳ, ಹಾಲಿಗೆ ಹಾಲು, ಬದನೆಕಾಯಿಗೆ ಕರಿಬೇವು. ಜೋಳ ಕೊಂಡವಳಿಗೆ ಬಾಚಣಿಗೆಯನ್ನು ಕೊಸರಾಗಿ ಕೊಡಹೋದರೆ ಆಕೆಗೆ ಸಂಶಯ ಹುಟ್ಟುತ್ತದೆ. ಕಾಳಿನಲ್ಲಿ ಹುಳುವಿರಬೇಕೆಂದು ಮತ್ತೊಮ್ಮೆ ಮುಷ್ಟಿಯಲ್ಲಿ ತೆಗೆದು ನೋಡುತ್ತಾಳೆ. ಎರಡನೆಯದಾಗಿ, ಕೊಸರು ಅಳತೆಯನ್ನು ನುಂಗಬಾರದು. ನಾಲ್ಕು ಸೇರಿಗೆ ಎರಡು ಸೇರು ಕೊಸರು ಹಾಕುವವನ ಸೇರೇ ಕಿರಿದೆಂಬುದು ಹಳ್ಳಿಯ ಮುದುಕಿಗೂ ತಿಳಿದ ವಿಷಯ.

ಜೋಳ, ಹೂವು, ಹಾಲುಗಳಿಗೆ ಸಲೀಸಾಗಿ ಹೊಂದುವ ಈ ಶಾಸ್ತ್ರ ಪುಸ್ತಕದ ಅಂಗಡಿಗೆ ಬಂದಾಗ ತೊಡಕಿಗೆ ಸಿಕ್ಕುತ್ತದೆ. ಮುನ್ನೂರು ಪುಟದ ಕಾದಂಬರಿ ಕೊಂಡವನಿಗೆ ಮೇಲೆ ಹತ್ತು ಪುಟ ಹರಿದುಕೊಡುವಂತಿಲ್ಲ. ಕವನಸಂಗ್ರಹಕ್ಕೆ ಒಂದು ಹಿಡಿ ಪ್ರಾಸ ಸೇರಿಸುವಂತಿಲ್ಲ. ಹೀಗಿದ್ದರೂ ಕೊಳ್ಳುವವನ ಕೈ ಮಾತ್ರ ಚಾಚಿಯೇ ಇರುತ್ತದೆ. ಆದ್ದರಿಂದ ಪುಸ್ತಕ ಮಾರುವವರು ಬಹುಕಾಲದಿಂದ ಕೊಸರಿನ ಚಿಂತೆಯಲ್ಲಿಯೇ ಇದ್ದಾರೆ. ಆ ಚಿಂತೆಯ ಚರಿತ್ರೆಯನ್ನು ನೋಡಿದರೆ ಕನ್ನಡದ ಓದುಗನ ಚರಿತ್ರೆಯೂ ಒಂದಷ್ಟು ಕಾಣುತ್ತದೆ.

ಪುಸ್ತಕ ಮಾರಾಟದ ಸರಕಾಗುವುದಕ್ಕೆ ಎಷ್ಟೋ ಮೊದಲೇ ಕವಿಗಳು ಕೊಸರಿನ ಮಾರ್ಗವನ್ನು ಕಂಡುಕೊಂಡಿದ್ದರು. ಫಲಶ್ರುತಿ ಎಂಬುದು ಅದರ ಹೆಸರು. ಈ ಕಾವ್ಯವನ್ನು ಓದಿದವರಿಗೆ, ಓದಿಸಿ ಕೇಳಿದವರಿಗೆ ತೀರ್ಥಸ್ನಾನದ ಫಲ, ಯಜ್ಞಯಾಗಗಳ ಫಲ, ದಾನಧರ್ಮಗಳ ಫಲ ಕೈಸೇರುವುದೆಂದು ಹಳೆಯ ಕವಿಗಳು ಧಾರಾಳವಾಗಿ ಮಾತು ಕೊಟ್ಟರು. ಗದುಗಿನ ಕುಮಾರವ್ಯಾಸನಂಥ ಮಹಾಕವಿಯೂ ಈ ಸಂಪ್ರದಾಯವನ್ನು ಬಿಡಲಿಲ್ಲ. ಆತನ ಕಾವ್ಯಕ್ಕೆ ಇಂಥ ಆಸೆ ತೋರಿಸಬೇಕಾದ ಅಗತ್ಯವಿತ್ತೆ ಎಂದು ಇಂದಿನ ವಿದ್ಯಾರ್ಥಿ ಕೇಳಬಹುದು. ಆದರೆ ಆ ಕೊಸರಿನಲ್ಲಿದ್ದ ಒಂದು ಜಾಣತನವನ್ನು ಗಮನಿಸಬೇಕು. ಪುಣ್ಯ ದೊರೆಯುವುದು ಗ್ರಂಥವನ್ನು ಕೊಂಡದ್ದಕ್ಕಲ್ಲ, ಓದಿದ್ದಕ್ಕೆ ಅಥವಾ ಕೇಳಿದ್ದಕ್ಕೆ. ಓಲೆಯ ಕಟ್ಟನ್ನು ಮಾಡಿನಲ್ಲಿ ಸಿಕ್ಕಿಸಿಟ್ಟವನಿಗೆ ಕವಿ ಯಾವ ಫಲವನ್ನೂ ಹೇಳಲಿಲ್ಲ.

ಕೊಸರಿನ ಮಾತೇ ಏಳದಂತೆ ಇಡೀ ಗ್ರಂಥವನ್ನೇ ಉಚಿತವಾಗಿ ಹಂಚಿದವರೂ ಉಂಟು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನ ಮಾಡಿದಳೆಂಬುದು ಕನ್ನಡಿಗರು ಹೆಮ್ಮೆಯಿಂದ ನೆನೆಯುವ ಸಂಗತಿ. ಒಂದೊಂದು ಓಲೆಯನ್ನೂ ಕಂಟದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ! ಮುದ್ರಣಯಂತ್ರವಿರುವ ಈ ಕಾಲದಲ್ಲಿಯೂ ಕನ್ನಡದ ಎಷ್ಟೋ ಪುಸ್ತಕಗಳ ಮೊದಲ ಮುದ್ರಣ ಆ ಸಂಖ್ಯೆಯನ್ನು ದಾಟುವುದಿಲ್ಲ. ರನ್ನನಿಗೆ ಆಶ್ರಯವಿತ್ತು 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳೂ ಆಕೆಯೇ. ಆದರೆ ಅತ್ತಿಮಬ್ಬೆಯರು ಪ್ರತಿ ಶತಮಾನದಲ್ಲಿಯೂ ಹುಟ್ಟುವುದಿಲ್ಲ. ಅಚ್ಚುಕೂಟ ಬಂದ ಮೇಲೆ ಪುಸ್ತಕ ದಾನದ ವಸ್ತುವಾಗಿ ಉಳಿಯಲಿಲ್ಲ. ಕಾಗದದವನಿಗೆ, ಅಚ್ಚಿನವನಿಗೆ, ರಟ್ಟು ಕಟ್ಟುವವನಿಗೆ ಹಣ ಸಲ್ಲಬೇಕಾದ ಸರಕಾಯಿತು.

ಆ ಸರಕನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಕೀರ್ತಿ ಗಳಗನಾಥರದು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು; 1869ರಲ್ಲಿ ಹಾವೇರಿಯ ಸೀಮೆಯ ಗಳಗನಾಥದಲ್ಲಿ ಹುಟ್ಟಿದರು; 1942ರಲ್ಲಿ ತೀರಿಕೊಂಡರು. ವಿಜಯನಗರದ ಸ್ಥಾಪನೆಯನ್ನು ‘ಮಾಧವ ಕರುಣಾವಿಲಾಸ’ದಲ್ಲಿಯೂ ಅದರ ಪತನವನ್ನು ‘ಕನ್ನಡಿಗರ ಕರ್ಮಕಥೆ’ಯಲ್ಲಿಯೂ ಹೇಳಿ, ಹಂಪೆಯ ಹಾಳು ಕಲ್ಲುಗಳನ್ನು ಸಾಮಾನ್ಯ ಓದುಗನ ಕಣ್ಣೆದುರು ಮತ್ತೆ ನಿಲ್ಲಿಸಿದವರು ಅವರು. ಅಂಥವರು ಪುಸ್ತಕದ ಗಂಟು ಹೊತ್ತು ಬಾಗಿಲಿಗೆ ಬಂದಾಗ ಕೊಳ್ಳುವವನು ಇನ್ನೇನು ಕೊಸರು ಕೇಳಿಯಾನು? ಬರೆದ ಕೈಯಿಂದಲೇ ಪುಸ್ತಕ ಪಡೆಯುವುದು, ಕಥೆಯ ಬಗ್ಗೆ ಬರೆದವರ ಬಾಯಿಂದಲೇ ನಾಲ್ಕು ಮಾತು ಕೇಳುವುದು, ಇದಕ್ಕಿಂತ ದೊಡ್ಡ ಕೊಸರಿಲ್ಲ. ಕೊಡುವವರ ಕುತ್ತಿಗೆ ನೋಯುತ್ತಿದ್ದುದೊಂದೇ ಅದರ ದೋಷ.

ಕುತ್ತಿಗೆಯ ಭಾರವನ್ನು ಅಂಚೆಯವನ ಚೀಲಕ್ಕೆ ವರ್ಗಾಯಿಸಿದವರು ಅವರ ಮುಂದಿನ ಪೀಳಿಗೆಯವರು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಹುಟ್ಟುಹಾಕಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಡೆದ ಸಂಸ್ಥೆ. ಓದುಗ ಮೊದಲೇ ಹಣ ಕಟ್ಟುತ್ತಾನೆ. ವರ್ಷದ ಪುಸ್ತಕಗಳು ಒಂದೊಂದಾಗಿ ಅವನ ಮನೆಗೆ ಬರುತ್ತವೆ. ಬಿಡಿಯಾಗಿ ಕೊಳ್ಳುವುದಕ್ಕಿಂತ ಇದು ಅಗ್ಗ. ಹೊರನೋಟಕ್ಕೆ ಇದೂ ಒಂದು ರಿಯಾಯಿತಿಯ ಯೋಜನೆಯೇ. ಆದರೆ ಇದರ ಒಳಗುಟ್ಟು ಬೇರೆ. ಹೆಸರು ಕೇಳಿದ ಲೇಖಕನ ಪುಸ್ತಕಕ್ಕಾಗಿ ಚಂದಾ ಕಟ್ಟಿದವನ ಮನೆಗೆ ಹೆಸರೇ ಕೇಳದ ಲೇಖಕನ ಪುಸ್ತಕವೂ ಬರುತ್ತಿತ್ತು. 1957ರಲ್ಲಿ ರಾವಬಹಾದ್ದೂರರ ‘ಗ್ರಾಮಾಯಣ’ ಬಂದದ್ದು ಈ ಮಾಲೆಯಲ್ಲಿ. 1961ರಲ್ಲಿ ‘ಯಯಾತಿ’ ಎಂಬ ನಾಟಕ ಬಂದಾಗ ಅದನ್ನು ಬರೆದ ಗಿರೀಶ ಕಾರ್ನಾಡರಿಗೆ ಇಪ್ಪತ್ಮೂರು ವರ್ಷ. 1965ರಲ್ಲಿ ಬಂದ ‘ಸಂಸ್ಕಾರ’ ಅನಂತಮೂರ್ತಿಯವರ ಮೊದಲ ಕಾದಂಬರಿ. ಅಂಗಡಿಯಲ್ಲಿ ಬಿಡಿಯಾಗಿ ನೋಡಿದ್ದರೆ ಎಷ್ಟು ಜನ ಇಪ್ಪತ್ಮೂರರ ಹುಡುಗನ ನಾಟಕವನ್ನು ಕೊಂಡಿರುತ್ತಿದ್ದರು? ಪರಿಚಿತನ ಬೆನ್ನಿಗೆ ಅಪರಿಚಿತನನ್ನು ಮನೆಯೊಳಗೆ ಕರೆತಂದದ್ದೇ ಆ ಯೋಜನೆಯ ನಿಜವಾದ ಕೊಸರು. ಜೋಳಕ್ಕೆ ಜೋಳವೆಂಬ ಸಂತೆಯ ಶಾಸ್ತ್ರ ಇಲ್ಲಿ ಅಕ್ಷರಶಃ ನಡೆಯಿತು: ಪುಸ್ತಕಕ್ಕೆ ಪುಸ್ತಕ.

ಎಲ್ಲ ಯೋಜನೆಗಳೂ ಇಷ್ಟು ಸಾತ್ತ್ವಿಕವಾಗಿರಲಿಲ್ಲ. ಅವುಗಳ ವೈವಿಧ್ಯವನ್ನು ನೋಡಬೇಕಾದರೆ ಪುಸ್ತಕದಂಗಡಿಗಳ ಬೀದಿಗಿಂತ ದೂರದ ಒಂದು ಊರಿಗೆ ಹೋಗುವುದು ಒಳ್ಳೆಯದು. ಏಕೆಂದರೆ ಯೋಜನೆಗಳೆಲ್ಲ ಇರುವುದು ಅಂಗಡಿಗೆ ಬರಲಾರದವನಿಗಾಗಿ. ಬಳ್ಳಾರಿಗೂ ಹೊಸಪೇಟೆಗೂ ನಡುವೆ, ಸಂಡೂರು ತಾಲ್ಲೂಕಿನ ತೋರಣಗಲ್ಲು ಅಂಥ ಊರು. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ಹೊತ್ತ ಗಾಡಿಗಳು ಬಂದು ಕೂಡುವ ರೈಲ್ವೆ ಜಂಕ್ಷನ್ ಅದು. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಕಾರ್ಖಾನೆ ಮೇಲೆದ್ದದ್ದು ಮಾತ್ರ 1990ರ ದಶಕದಲ್ಲಿ, ಜಿಂದಾಲರ ಖಾಸಗಿ ಉದ್ಯಮವಾಗಿ. ಇಂದು ನಾನಾ ಸೀಮೆಗಳ, ನಾನಾ ಭಾಷೆಗಳ ಜನ ಅಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ಕೆಂಪು ಧೂಳು ಕಿಟಕಿಯ ಸಂದಿನಿಂದ ನುಸುಳಿ ಪುಸ್ತಕದ ಅಂಚಿಗೂ ಬಣ್ಣ ಹಚ್ಚುವ ಊರು.

ಆ ಊರಿನಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಊರಿಗೆಲ್ಲ ಅವರು ಮೇಷ್ಟ್ರು. ನಲವತ್ತು ವರ್ಷಗಳಿಂದ ಪತ್ರಿಕೆಗಳಲ್ಲಿ ಬಂದ ಯಾವ ಪುಸ್ತಕ ಯೋಜನೆಯ ಜಾಹೀರಾತಿಗೂ ಅವರ ಅಂಚೆಯ ಕಾರ್ಡು ತಪ್ಪಿದ್ದಿಲ್ಲ. ಮೂರು ಕಾದಂಬರಿ ಕೊಂಡವರಿಗೆ ಒಂದು ಗೋಡೆಯ ಕ್ಯಾಲೆಂಡರ್. ಐದು ಕೊಂಡವರಿಗೆ ಒಂದು ಶಾಯಿ ಪೆನ್ನು. ಹತ್ತರ ಕಟ್ಟಿಗೆ ಅಂಚೆವೆಚ್ಚವಿಲ್ಲ, ಜೊತೆಗೊಂದು ಡೈರಿ. “ಮೇಷ್ಟ್ರೆ, ವಿ.ಪಿ. ಬಂದೈತ್ರಿ” ಎಂಬ ಅಂಚೆಯವನ ಕೂಗು ಕೇಳಿದೊಡನೆ ಅವರ ಮನೆಯವರು ಸಾಸಿವೆ ಡಬ್ಬಿಯಲ್ಲಿಟ್ಟ ಹಣವನ್ನು ಲೆಕ್ಕ ಹಾಕುತ್ತ, “ಈ ಸಲ ಏನ್ ಪುಕ್ಕಟೆ ಕೊಟ್ಟಾರ್ರೀ?” ಎಂದು ಕೇಳುತ್ತಿದ್ದರು. ಪುಸ್ತಕ ಯಾವುದೆಂದು ಅವರು ಒಮ್ಮೆಯೂ ಕೇಳಲಿಲ್ಲವೆಂಬುದು ಮೇಷ್ಟ್ರ ಹಳೆಯ ದೂರು. ಜಾಹೀರಾತು ಬರೆದವರೂ ಪುಸ್ತಕದ ಹೆಸರನ್ನು ಸಣ್ಣ ಅಕ್ಷರದಲ್ಲಿಯೂ ಪೆನ್ನಿನ ಚಿತ್ರವನ್ನು ದೊಡ್ಡದಾಗಿಯೂ ಅಚ್ಚು ಹಾಕಿಸಿದ್ದನ್ನು ಅವರು ಕಾಣದೆ ಇರಲಿಲ್ಲ.

ನಿವೃತ್ತರಾದ ವರ್ಷ ಮೇಷ್ಟ್ರು ತಮ್ಮ ಬೀರುವನ್ನು ಖಾಲಿ ಮಾಡಿ, ಧೂಳು ಕೊಡವಿ, ಪುಸ್ತಕಗಳನ್ನು ಹೊಸದಾಗಿ ಜೋಡಿಸಿದರು. ವಿಷಯಾನುಕ್ರಮದಿಂದಲ್ಲ, ಲೇಖಕರ ಹೆಸರಿನಿಂದಲೂ ಅಲ್ಲ. ಯಾವ ಆಸೆಯಿಂದ ಕೊಂಡದ್ದೆಂಬ ಲೆಕ್ಕದಿಂದ. ಉಡುಗೊರೆಗಾಗಿ ಕೊಂಡವು ಒಂದು ಕಡೆ, ಅರ್ಧ ಬೆಲೆಯೆಂದು ಕೊಂಡವು ಒಂದು ಕಡೆ, ಚಂದಾದಾರರಾಗಿ ಪಡೆದವು ಇನ್ನೊಂದು ಕಡೆ, ಯಾವ ಆಸೆಯೂ ಇಲ್ಲದೆ ಪೂರ್ತಿ ಬೆಲೆ ಕೊಟ್ಟು ಕೊಂಡವು ಮತ್ತೊಂದು ಕಡೆ. ಆಗ ತಿಳಿದ ಸಂಗತಿ ಅವರನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂಡಿಸಿತು. ಉಡುಗೊರೆಯ ಸಾಲಿನಲ್ಲಿ ಎಷ್ಟೋ ಪುಸ್ತಕಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಪೆನ್ನುಗಳು ಬರೆದು ಸವೆದಿದ್ದವು. ಕ್ಯಾಲೆಂಡರುಗಳು ವರ್ಷ ಮುಗಿಸಿ ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಾಗಿದ್ದವು. ಕೊಸರೆಲ್ಲ ಸಾರ್ಥಕವಾಗಿತ್ತು, ಪದಾರ್ಥವೇ ಉಳಿದಿತ್ತು. ಅರ್ಧ ಬೆಲೆಯ ಸಾಲಿನಲ್ಲಿ ಓದಿದವೂ ಇದ್ದವು, ಓದದವೂ ಇದ್ದವು. ಚಂದಾದಾರರ ಸಾಲಿನಲ್ಲಿ ಬೈದುಕೊಂಡು ಓದಿದವು ಕೆಲವು, ಮೆಚ್ಚಿ ಓದಿದವು ಕೆಲವು. ಓದದೆ ಬಿಟ್ಟವು ಬಲು ವಿರಳ. ಪೂರ್ತಿ ಬೆಲೆಯ ಸಾಲಿನಲ್ಲಿ ಬೆನ್ನು ಗಟ್ಟಿಯಾಗಿ ಉಳಿದ ಪುಸ್ತಕ ಒಂದೂ ಇರಲಿಲ್ಲ.

ಈ ಅನುಭವ ತೋರಣಗಲ್ಲಿನ ಒಂದು ಬೀರುವಿಗೆ ಸೀಮಿತವಾದದ್ದಲ್ಲ. ಅಮೆರಿಕದಲ್ಲಿ ಹ್ಯಾರಿ ಶೆರ್ಮನ್ ಎಂಬಾತ 1910ರ ದಶಕದಲ್ಲಿ ಅಂಗೈಯಗಲದ ಷೇಕ್ಸ್‌ಪಿಯರನ ನಾಟಕಗಳನ್ನು ಚಾಕೊಲೇಟಿನ ಪೆಟ್ಟಿಗೆಯಲ್ಲಿ ಸೇರಿಸಿ ಮಾರಿಸಿದ. ಅಲ್ಲಿ ಪುಸ್ತಕವೇ ಕೊಸರು, ಮಿಠಾಯಿಯೇ ಸರಕು. ಎಷ್ಟು ಜನ ಮಿಠಾಯಿ ಮುಗಿದ ಮೇಲೆ ನಾಟಕಕ್ಕೆ ಕೈ ಹಾಕಿದರೋ ಶೆರ್ಮನ್ನನಿಗೇ ಗೊತ್ತಿರಲಾರದು. ಆದರೆ ಆತ ವಿವೇಕಿ. 1926ರಲ್ಲಿ ‘ತಿಂಗಳ ಪುಸ್ತಕ’ದ ಸಂಘವೊಂದನ್ನು ಜೊತೆಗಾರರೊಡನೆ ಕಟ್ಟಿದಾಗ ಮಿಠಾಯಿಯನ್ನು ಬಿಟ್ಟ. ಬಲ್ಲವರ ಮಂಡಳಿಯೊಂದು ಪ್ರತಿ ತಿಂಗಳೂ ಪುಸ್ತಕವನ್ನು ಆರಿಸುವುದು, ಸದಸ್ಯರಿಗೆ ಅಂಚೆಯಲ್ಲಿ ಕಳಿಸುವುದು, ಇಂತಿಷ್ಟು ಕೊಂಡವರಿಗೆ ಇನ್ನೊಂದು ಪುಸ್ತಕವನ್ನು ‘ಲಾಭಾಂಶ’ವೆಂದು ಉಚಿತವಾಗಿ ಕೊಡುವುದು ಆ ಸಂಘದ ಪದ್ಧತಿಯಾಯಿತು. ಧಾರವಾಡದಲ್ಲಿ ಜೋಶಿಯವರು ಹಿಡಿದ ಹಾದಿಗೂ ಇದಕ್ಕೂ ಬಹಳ ದೂರವಿಲ್ಲ.

ಉಡುಗೊರೆ ಪುಸ್ತಕವನ್ನು ಮರೆಸುತ್ತದೆ, ಅಷ್ಟೇ. ಮಿತಿಮೀರಿದ ರಿಯಾಯಿತಿಯ ಕೆಲಸ ಬೇರೆ ತೆರನಾದದ್ದು. ಅದು ಪುಸ್ತಕ ಸಿಕ್ಕುವ ಜಾಗವನ್ನೇ ಅಳಿಸುತ್ತದೆ. ಮೇಷ್ಟ್ರಿಗೆ ಇದು ತಿಳಿದದ್ದು ಹೊಸಪೇಟೆಯಲ್ಲಿ. ಅವರ ಹಳೆಯ ಶಿಷ್ಯನೊಬ್ಬ ಅಲ್ಲಿ ಪಠ್ಯಪುಸ್ತಕ, ಗೈಡು, ನೋಟುಬುಕ್ಕುಗಳ ಅಂಗಡಿ ಇಟ್ಟಿದ್ದ. ಒಳಗೆ ಒಂದು ಗೋಡೆಯ ತುಂಬ ಕನ್ನಡದ ಕಥೆ, ಕಾದಂಬರಿ, ಕವನಗಳನ್ನು ಜೋಡಿಸಿದ್ದ. ಮೇಷ್ಟ್ರ ರುಚಿ ಅವನಿಗೆ ಗೊತ್ತು. ಅವರಿಗೆ ಹಿಡಿಸುವಂಥದು ಬಂದರೆ ಒಂದು ಪ್ರತಿಯನ್ನು ಗಲ್ಲಾಪೆಟ್ಟಿಗೆಯ ಹಿಂದೆ ಎತ್ತಿಟ್ಟು, “ನಿಮ್ಮ ಪೈಕಿ ಪುಸ್ತಕ ಒಂದು ಬಂದೈತ್ರಿ, ಈ ಕಡಿ ಬಂದಾಗ ನೋಡ್ರಿ” ಎಂದು ಹೇಳಿಕಳಿಸುತ್ತಿದ್ದ. ಅವನು ಕೊಡುತ್ತಿದ್ದ ಕೊಸರು ಅದೊಂದೇ. ಕಾಲಕ್ರಮದಲ್ಲಿ ಜನ ಅವನ ಗೋಡೆಯ ಮುಂದೆ ನಿಂತು ಪುಸ್ತಕ ತೆಗೆದು, ಹಿಂಬದಿಯ ರಕ್ಷಾಪುಟ ಓದಿ, ಬೆಲೆ ನೋಡಿ, ಜೇಬಿನ ಫೋನಿನಲ್ಲಿ ಅದೇ ಪುಸ್ತಕವನ್ನು ಕಡಿಮೆ ಬೆಲೆಗೆ ತರಿಸಿಕೊಳ್ಳುವುದನ್ನು ಕಲಿತರು.

“ನನಗ ಬರೋ ಕಮಿಷನ್ನೇ ಅವರು ಗಿರಾಕಿಗೆ ಬಿಟ್ಟುಕೊಡ್ತಾರ್ರಿ. ನಾನೆಲ್ಲಿಂದ ಬಿಡಲಿ ಮೇಷ್ಟ್ರೆ?” ಎಂದು ಶಿಷ್ಯ ಕೇಳಿದಾಗ ಅವರು ಮಾತಾಡಲಿಲ್ಲ. ಮರುವರ್ಷ ಹೋದಾಗ ಆ ಗೋಡೆಯ ಮೇಲೆ ಕಂಪಾಸು ಪೆಟ್ಟಿಗೆಗಳೂ ಶಾಲೆಯ ಚೀಲಗಳೂ ತೂಗುತ್ತಿದ್ದವು. ಶಿಷ್ಯನನ್ನು ದೂರುವಂತಿರಲಿಲ್ಲ; ಅಂಗಡಿಗೆ ಬಾಡಿಗೆ ಕಟ್ಟಬೇಕು, ಮಕ್ಕಳು ಓದಬೇಕು. ಕಡಿಮೆ ಬೆಲೆಗೆ ತರಿಸಿಕೊಂಡ ಓದುಗನನ್ನಾದರೂ ಪೂರ್ತಿಯಾಗಿ ದೂರುವುದು ಹೇಗೆ? ಅವನ ಸಂಬಳವೂ ಅಳತೆಯದೇ. ಆದರೆ “ನಿಮ್ಮ ಪೈಕಿ ಪುಸ್ತಕ” ಎಂದು ಹೇಳಿಕಳಿಸುವ ಮನುಷ್ಯ ಹೊಸಪೇಟೆಯಲ್ಲಿ ಒಬ್ಬ ಕಡಿಮೆಯಾದ.

ಈ ಲೆಕ್ಕವನ್ನು ಒಮ್ಮೆ ಹಲಗೆಯ ಮೇಲೆ ಬರೆದು ನೋಡಬಹುದು. ಒಂದು ಪುಸ್ತಕದ ಬೆಲೆ 200 ರೂಪಾಯಿ ಎಂದಿಟ್ಟುಕೊಳ್ಳೋಣ. ಕಾಗದ, ಅಚ್ಚು, ರಟ್ಟಿಗೆ 70. ಲೇಖಕನ ಗೌರವಧನ 20. ಅಂಗಡಿಯವನ ಕಮಿಷನ್ 60. ಉಳಿದ 50ರಲ್ಲಿ ಪ್ರಕಾಶಕನ ಬಾಡಿಗೆ, ಸಾಗಾಣಿಕೆ, ಮಾರದೆ ಉಳಿಯುವ ಪ್ರತಿಗಳ ನಷ್ಟ, ಹೊಟ್ಟೆಪಾಡು ಎಲ್ಲ. ಇದರಲ್ಲಿ ಓದುಗನಿಗೆ 60 ರೂಪಾಯಿ ಬಿಟ್ಟುಕೊಟ್ಟರೆ ಅದು ಆಕಾಶದಿಂದ ಉದುರುವುದಿಲ್ಲ. ಒಂದೋ ಅಂಗಡಿಯವನು ಹೋಗಬೇಕು, ಇಲ್ಲವೆ ಲೇಖಕನ 20 ಹೋಗಬೇಕು, ಇಲ್ಲವೆ 200 ಎಂದು ಅಚ್ಚಾಗುವ ಬೆಲೆ 260 ಆಗಬೇಕು. ಮೂರನೆಯ ದಾರಿ ಹಿಡಿದವನ ರಿಯಾಯಿತಿ ಕಿರಿದಾದ ಸೇರಿನ ದೊಡ್ಡ ಕೊಸರಿನಂತೆ. ಮುದುಕಿ ಅದನ್ನು ಸಂತೆಯಲ್ಲಿ ಕಂಡುಹಿಡಿಯುತ್ತಾಳೆ. ಪುಸ್ತಕದ ಬೆನ್ನಿನ ಮೇಲೆ ಕಂಡುಹಿಡಿಯುವವರು ಕಡಿಮೆ.

ಬೇರೆ ದೇಶಗಳು ಈ ಸಂಕಟವನ್ನು ಮೊದಲೇ ಉಂಡಿವೆ. ಇಂಗ್ಲೆಂಡಿನಲ್ಲಿ 1900ರಿಂದ ಜಾರಿಗೆ ಬಂದ ಒಪ್ಪಂದದಂತೆ, ಪ್ರಕಾಶಕರು ಗೊತ್ತುಮಾಡಿದ ಬೆಲೆಗಿಂತ ಕಡಿಮೆಗೆ ಪುಸ್ತಕ ಮಾರುವ ಅಂಗಡಿಗೆ ಪುಸ್ತಕಗಳೇ ಸಿಕ್ಕುತ್ತಿರಲಿಲ್ಲ. 1905ರಲ್ಲಿ ‘ಟೈಮ್ಸ್’ ಪತ್ರಿಕೆ ತನ್ನ ಚಂದಾದಾರರಿಗೆ ಕೊಸರಾಗಿ ಪುಸ್ತಕ ಸಂಘವೊಂದನ್ನು ತೆರೆಯಿತು. ಓದಲು ಪುಸ್ತಕಗಳನ್ನು ಎರವಲು ಕೊಡುವುದು, ಕೆಲವು ಕಾಲದ ಮೇಲೆ ಅವನ್ನೇ ‘ಹಳೆಯವು’ ಎಂದು ಅಗ್ಗಕ್ಕೆ ಮಾರುವುದು. ಪ್ರಕಾಶಕರು ಸಿಡಿದೆದ್ದರು, ಜಾಹೀರಾತು ನಿಲ್ಲಿಸಿದರು, 1908ರವರೆಗೆ ನಡೆದ ಆ ಜಗಳಕ್ಕೆ ‘ಪುಸ್ತಕ ಯುದ್ಧ’ವೆಂದೇ ಹೆಸರಾಯಿತು. ಆ ಒಪ್ಪಂದ 1990ರ ದಶಕದಲ್ಲಿ ಮುರಿದುಬಿತ್ತು. ಫ್ರಾನ್ಸಾದರೋ 1981ರಲ್ಲಿ ಕಾನೂನನ್ನೇ ಮಾಡಿ, ಹೊಸ ಪುಸ್ತಕದ ಮೇಲೆ ನೂರಕ್ಕೆ ಐದಕ್ಕಿಂತ ಹೆಚ್ಚು ರಿಯಾಯಿತಿ ಕೂಡದೆಂದಿತು. ಅಂಚೆವೆಚ್ಚವಿಲ್ಲವೆಂಬ ಆಮಿಷಕ್ಕೂ ಅಲ್ಲಿ ಮೂಗುದಾರ ಬಿದ್ದಿದೆ: 2023ರ ಅಕ್ಟೋಬರಿನಿಂದ 35 ಯೂರೋಗಿಂತ ಕಡಿಮೆಯ ಪುಸ್ತಕಗಳನ್ನು ಮನೆಗೆ ತರಿಸಿಕೊಂಡರೆ ಕನಿಷ್ಠ 3 ಯೂರೋ ಸಾಗಾಣಿಕೆ ತೆರಲೇಬೇಕು. ಸಣ್ಣ ಊರಿನ ಪುಸ್ತಕದಂಗಡಿ ಉಳಿಯಲೆಂಬುದೇ ಇದರ ಉದ್ದೇಶ.

ಕನ್ನಡ ನಾಡಿನಲ್ಲಿ ಇಂಥ ಕಾನೂನಿಲ್ಲ. ಸರಕಾರದ ಮನಸ್ಸು ಇನ್ನೊಂದು ದಿಕ್ಕಿನಲ್ಲಿ ಹರಿದಿದೆ. 1958ರಲ್ಲಿ ಅಂದಿನ ಮೈಸೂರು ಸರಕಾರ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ‘ಕರ್ಣಾಟ ಭಾರತ ಕಥಾಮಂಜರಿ’ಯನ್ನು ಅಚ್ಚುಮಾಡಿ ಎರಡು ರೂಪಾಯಿಗೆ ಮಾರಿತು. ಕುಮಾರವ್ಯಾಸನನ್ನು ಮನೆಮನೆಗೆ ಮುಟ್ಟಿಸಿದ ಆ ಎರಡು ರೂಪಾಯಿ ಶ್ಲಾಘ್ಯವಾದದ್ದು. ಅದು ಬೊಕ್ಕಸದ ಹಣ. ಯಾವ ಅಂಗಡಿಯವನ ತುತ್ತನ್ನೂ ಕಸಿದದ್ದಲ್ಲ. 1993ರಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ಹುಟ್ಟಿತು. ಅದಕ್ಕೆ ಎರಡು ವರ್ಷ ಮೊದಲೇ, 1991ರಲ್ಲಿ, ತೋರಣಗಲ್ಲಿಗೆ ದೂರವಲ್ಲದ ಹಂಪೆಯಲ್ಲಿ ಕನ್ನಡ ವಿಶ್ವವಿದ್ಯಾಲಯ ನೆಲೆಗೊಂಡು ಅದರ ಪ್ರಸಾರಾಂಗ ಗ್ರಂಥಗಳನ್ನು ಪ್ರಕಟಿಸತೊಡಗಿತು. ರಾಜ್ಯೋತ್ಸವದ ನವೆಂಬರ್ ಬಂತೆಂದರೆ ರಿಯಾಯಿತಿಯ ಫಲಕಗಳು ಎಲ್ಲೆಡೆ ಏಳುತ್ತವೆ. ಇದರಿಂದ ಬಡ ವಿದ್ಯಾರ್ಥಿಗೆ ಉಪಕಾರವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ನೆರಳಿನಲ್ಲಿ ಒಂದು ಅಭ್ಯಾಸವೂ ಬೆಳೆದಿದೆ. “ಈಗ್ಯಾಕೆ, ನವೆಂಬರಿನಲ್ಲಿ ಕೊಂಡರಾಯಿತು” ಎನ್ನುವ ಓದುಗ ಮಾರ್ಚಿನಲ್ಲಿ ಹುಟ್ಟಿದ ಓದುವ ಆಸೆಯನ್ನು ಎಂಟು ತಿಂಗಳು ಹಸಿದಿರಿಸುತ್ತಾನೆ. ಆಸೆ ಎಂಟು ತಿಂಗಳು ಕಾಯುವುದಿಲ್ಲ. ನವೆಂಬರಿನಲ್ಲಿ ಅವನು ಕೊಳ್ಳುವುದು ಓದಬೇಕೆಂದಿದ್ದ ಪುಸ್ತಕವನ್ನಲ್ಲ; ಹೆಚ್ಚು ರಿಯಾಯಿತಿಯ ಪುಸ್ತಕವನ್ನು.

ಇಷ್ಟೆಲ್ಲ ಹೇಳಿದರೂ ಕೊಸರೇ ಕೂಡದೆಂದು ತೀರ್ಮಾನಿಸುವುದು ನ್ಯಾಯವಲ್ಲ. ಕೆಲವು ಹೊಸ ಕೊಸರುಗಳಲ್ಲಿ ಹಳೆಯ ಸತ್ತ್ವವೇ ತಿರುಗಿ ಬಂದಿದೆ. ಮೇಷ್ಟ್ರ ಮೊಮ್ಮಗಳು ಒಂದು ದಿನ, “ತಾತ, ಮೊದಲೇ ದುಡ್ಡು ಕಟ್ಟಿದ್ರೆ ಬರೆದವರ ಸಹಿ ಇರೋ ಪ್ರತಿ ಕಳಸ್ತಾರಂತ” ಎಂದು ಫೋನನ್ನು ಮುಂದೆ ಹಿಡಿದಳು. ಮೇಷ್ಟ್ರಿಗೆ ಗಳಗನಾಥರು ಬಾಗಿಲಿಗೆ ಬಂದಂತಾಯಿತು. ಸಹಿಗೆ ತೂಕವಿಲ್ಲ, ಅಂಗಡಿಯವನ ಕಮಿಷನ್ನನ್ನು ಅದು ತಿನ್ನುವುದಿಲ್ಲ. ಆದರೂ ಆ ಪ್ರತಿಯನ್ನು ತೆರೆಯದೆ ಇಡಲು ಮನಸ್ಸು ಬರುವುದಿಲ್ಲ, ಸಹಿ ಇರುವುದೇ ಒಳಪುಟದಲ್ಲಿ! ಆಕೆಗೆ ಬೇಕಾಗಿದ್ದದ್ದು ವಸುಧೇಂದ್ರರ ಪುಸ್ತಕ. ಅವರು ನೆರೆಯ ಸಂಡೂರಿನಲ್ಲಿ ಹುಟ್ಟಿದವರು. ಛಂದ ಪುಸ್ತಕವೆಂಬ ಪ್ರಕಾಶನವನ್ನು ತಾವೇ ಕಟ್ಟಿ ಹೊಸಬರ ಕಥೆಗಳಿಗೂ ಬಾಗಿಲು ತೆರೆದವರು. 2019ರ ‘ತೇಜೋ ತುಂಗಭದ್ರಾ’ದಲ್ಲಿ ಲಿಸ್ಬನ್ನಿನ ನದಿಗೂ ವಿಜಯನಗರದ ನದಿಗೂ ನಂಟು ಕಟ್ಟಿದವರು. ತನ್ನ ಸೀಮೆಯ ಹೊಳೆ ಪುಸ್ತಕದಲ್ಲಿ ಹರಿಯುವುದನ್ನು ಕಂಡ ಹುಡುಗಿಗೆ ಕ್ಯಾಲೆಂಡರಿನ ಆಸೆ ತೋರಿಸಬೇಕಾಗಲಿಲ್ಲ.

ಅಂಚೆಯ ಕೊಸರನ್ನೂ ಇಲ್ಲಿ ನೆನೆಯಬೇಕು. ಪುಸ್ತಕಗಳಿಗೆಂದು ಇದ್ದ ಅಗ್ಗದ ನೋಂದಾಯಿತ ಬುಕ್ ಪೋಸ್ಟ್ ಸೌಲಭ್ಯ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಸಣ್ಣ ಪ್ರಕಾಶಕರು ಕಂಗಾಲಾದರು. 2025ರ ಮೇ 1ರಿಂದ ಅಂಚೆ ಇಲಾಖೆ ‘ಜ್ಞಾನ ಪೋಸ್ಟ್’ ಎಂಬ ಸೇವೆಯನ್ನು ತೊಡಗಿತು. 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋದವರೆಗೆ 100 ರೂಪಾಯಿ, ತೆರಿಗೆ ಬೇರೆ ಎಂದು ದರ ಗೊತ್ತುಮಾಡಿತು. ತೋರಣಗಲ್ಲಿನಂಥ ಊರಿನ ಓದುಗನಿಗೆ ಪುಸ್ತಕದ ಬೆಲೆಯಷ್ಟೇ ಮುಖ್ಯವಾದದ್ದು ಪುಸ್ತಕ ನಡೆದು ಬರುವ ದಾರಿಯ ಬೆಲೆ. ಆ ದಾರಿಯನ್ನು ಅಗ್ಗ ಮಾಡುವುದು ಯಾರ ತುತ್ತನ್ನೂ ಕಸಿಯದ ಕೊಸರು. ಅದನ್ನು ಕೊಡಬೇಕಾದವರು ಪ್ರಕಾಶಕರಲ್ಲ, ಆಳುವವರು.

ಪುಸ್ತಕವೊಂದು ತಾನಾಗಿಯೇ ಮನುಷ್ಯನನ್ನು ತಿರುಗಿಸಿದ ನಿದರ್ಶನವೂ ಇದೇ ಸೀಮೆಯಲ್ಲಿದೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರಿಗೆ ಮೊದಲು ಕನ್ನಡದ ಪುಸ್ತಕಗಳೆಂದರೆ ಅಷ್ಟಕ್ಕಷ್ಟೆ. ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಕೈಗೆ ಬಂತು, ಓದಿದರು, ಮನಸ್ಸು ತಿರುಗಿತು. ಮುಂದೆ ಅವರೇ ಬೀಚಿಯಾಗಿ ನಾಡನ್ನು ನಗಿಸಿದರು. ಆ ಒಂದು ಪ್ರತಿಯ ಕೊಸರಾಗಿ ಕನ್ನಡಕ್ಕೆ ಒಬ್ಬ ಲೇಖಕನೇ ಸಿಕ್ಕಿದ. ಇಂಥ ವ್ಯಾಪಾರ ಪ್ರತಿದಿನ ಕುದುರುವುದಿಲ್ಲ. ಆದರೆ ಕುದುರಬೇಕಾದರೆ ಪುಸ್ತಕ ಕೈಗೆ ಸಿಕ್ಕುವಂತೆ ಎಲ್ಲಿಯಾದರೂ ಇರಬೇಕು, “ಇದನ್ನು ಓದಿ ನೋಡು” ಎನ್ನುವ ಒಬ್ಬರಾದರೂ ಇರಬೇಕು.

ಮೇಷ್ಟ್ರ ಬೀರು ಈಗ ಅರ್ಧ ಗ್ರಂಥಾಲಯವಾಗಿದೆ. ಪಾಳಿ ಮುಗಿಸಿ ಬರುವ ಹುಡುಗರು ಆಗಾಗ ಬಂದು ಒಂದೊಂದು ಪುಸ್ತಕ ಕೇಳುತ್ತಾರೆ. ಕೇಳಿದ್ದು ಹೆಚ್ಚಾಗಿ ಪತ್ತೇದಾರಿಯೋ ಐತಿಹಾಸಿಕವೋ ಆಗಿರುತ್ತದೆ. ಮೇಷ್ಟ್ರು ಅದನ್ನು ಕೊಟ್ಟು, ಕೇಳದಿದ್ದ ಇನ್ನೊಂದನ್ನೂ ಅದರ ಮೇಲಿಡುತ್ತಾರೆ. “ಇದೇನ್ ಸಾರ್?” ಎಂದರೆ, “ಕೊಸರಪ್ಪಾ, ತಗೊಂಡು ಹೋಗು” ಎನ್ನುತ್ತಾರೆ. ಹೋದ ತಿಂಗಳು ಹಾಗೆ ಕೊಸರಾಗಿ ಹೋದದ್ದು ‘ಗ್ರಾಮಾಯಣ’. ಕೇಳಿ ಒಯ್ದ ಪುಸ್ತಕವನ್ನು ಆ ಹುಡುಗ ಎಂಟೇ ದಿನಕ್ಕೆ ಹಿಂದಕ್ಕೆ ಕೊಟ್ಟ. ಕೊಸರನ್ನು ಇನ್ನೂ ತಂದಿಲ್ಲ. ಓದುತ್ತಿದ್ದೇನೆ, ಇನ್ನೆರಡು ದಿನ ಎನ್ನುತ್ತಾನೆ. ಮೇಷ್ಟ್ರು ಅವಸರ ಮಾಡಿಲ್ಲ.